ಪ್ಯಾರಿಸಿಗೆ ಯಾವ ದಾರಿ?

ಲಂಡನ್ನಿನಿಂದ ಪ್ಯಾರಿಸಿಗೆ ಹೊರಟವನು ವೇಳಾಪಟ್ಟಿಯೊಂದನ್ನೇ ನಂಬಿದರೆ ವಿಮಾನವನ್ನೇ ಆರಿಸುವನು. ಅದಕ್ಕೆ ಹಿಡಿಯುವುದು ಸುಮಾರು ಒಂದೂಕಾಲು ಗಂಟೆ; ರೈಲಿಗಾದರೋ ಎರಡೂಕಾಲು ಗಂಟೆ ಮೀರುತ್ತದೆ. ಆದರೆ ಪ್ರಯಾಣಿಕನು ಹೊರಡುವುದು ತನ್ನ ಮನೆಯ ಬಾಗಿಲಿನಿಂದಲೇ ಹೊರತು ವಿಮಾನದ ಬಾಗಿಲಿನಿಂದಲ್ಲ. ಹೀತ್ರೋ ವಿಮಾನನಿಲ್ದಾಣವು ಲಂಡನ್ನಿನ ನಡುಭಾಗದಿಂದ ಸುಮಾರು 23 ಕಿಲೋಮೀಟರು ದೂರ. ಷಾರ್ಲ್ ದ ಗಾಲ್ ನಿಲ್ದಾಣವು ಪ್ಯಾರಿಸಿನಿಂದ ಸುಮಾರು 25. ರೈಲು ಸೇಂಟ್ ಪ್ಯಾಂಕ್ರಾಸಿನಲ್ಲಿ ಹತ್ತಿದವರನ್ನು ಊರೊಳಗಣ ಗಾರ್ ದ್ಯು ನೋರಿನಲ್ಲಿಯೇ ಇಳಿಸುತ್ತದೆ. ಎರಡು ದೇಶಗಳ ರಹದಾರಿ ತನಿಖೆಯೂ ಹತ್ತುವ ಮೊದಲೇ ಮುಗಿದಿರುತ್ತದೆ. ಅದಕ್ಕಾಗಿ ಒಂದು ಗಂಟೆ ಮುಂಚಿತವಾಗಿ ಹೋಗಬೇಕೆಂಬುದನ್ನು ರೈಲಿನ ಅಭಿಮಾನಿಗಳು ಹೇಳದೆ ಬಿಡುವುದುಂಟು!

ಸಮುದ್ರದಡಿಯಲ್ಲಿ 38 ಕಿಲೋಮೀಟರು ಸಾಗುವ ಸುರಂಗವು 1994ರಲ್ಲಿ ತೆರೆಯಿತು. ಇಂಗ್ಲೆಂಡಿನ ಕಡೆಯ ವೇಗದ ಹಳಿಯು 2007ರಲ್ಲಿ ಪೂರ್ಣವಾಯಿತು. ಸುರಂಗದಲ್ಲಿ ನೋಡತಕ್ಕದ್ದೇನೂ ಇಲ್ಲ. ಇಪ್ಪತ್ತು ನಿಮಿಷಗಳ ಕತ್ತಲೆ, ಅಷ್ಟೆ.

ಇಷ್ಟಾದರೂ ಅನೇಕ ವೇಳೆ ವಿಮಾನದ ದರವೇ ಅಗ್ಗ. ಅಂತರರಾಷ್ಟ್ರೀಯ ವಿಮಾನಗಳ ಇಂಧನದ ಮೇಲೆ ಸಾಮಾನ್ಯವಾಗಿ ತೆರಿಗೆಯಿಲ್ಲದಿರುವುದು ಇದಕ್ಕೊಂದು ಕಾರಣ. ಬಡ ವಿದ್ಯಾರ್ಥಿಯು ಕಿಸೆಯನ್ನು ನೋಡಿ ವಿಮಾನ ಹತ್ತಿದರೆ ನಾನು ಅವನನ್ನು ದೂಷಿಸಲಾರೆ. ಹೊಗೆಯ ಲೆಕ್ಕವನ್ನು ಸರ್ಕಾರಗಳು ನೋಡಬೇಕು. ರೈಲು ಎರಡೂವರೆ ಗಂಟೆಯೊಳಗೆ ಮುಟ್ಟಿಸುವ ಲಿಯೋಂ, ನಾಂತ್, ಬೋರ್ದೋ ನಗರಗಳಿಗೆ ಪ್ಯಾರಿಸಿನ ಓರ್ಲಿಯಿಂದ ಹೋಗುತ್ತಿದ್ದ ವಿಮಾನಸಂಚಾರವನ್ನು ಫ್ರಾನ್ಸು 2023ರಲ್ಲಿ ಕಾನೂನಿನಿಂದಲೇ ನಿಷೇಧಿಸಿತು.

ಪ್ಯಾರಿಸಿನಿಂದ ಅಥೆನ್ಸಿಗೆ ಹೋಗುವವನಿಗೆ ಈ ವಾದವೊಂದೂ ಸಲ್ಲದು; ಅವನು ವಿಮಾನವನ್ನೇ ಏರಲಿ.