ಬೆಣ್ಣೆ ಸುಮ್ಮನಾದ ಮೇಲೆ

ಕಾದ ಬಾಣಲೆಗೆ ಬಿದ್ದ ಬೆಣ್ಣೆ ನೊರೆಯೆದ್ದು ಚಟಪಟ ಎನ್ನುತ್ತಿರುವಾಗ ಸ್ವೀಡನ್ನಿನ ಅಡುಗೆಯವರು ಮಾಂಸವನ್ನು ಮುಟ್ಟುವುದೇ ಇಲ್ಲ. ‘ಬೆಣ್ಣೆ ಸುಮ್ಮನಾದ ಮೇಲೆ ಹಾಕಿ’ ಎಂಬುದು ಅಲ್ಲಿನ ಪಾಕಪುಸ್ತಕಗಳ ಮಾಮೂಲಿ ಮಾತು. ಬೆಣ್ಣೆಯೊಳಗಿನ ನೀರು ಆವಿಯಾಗಿ ಹೋಗುವ ತನಕ ಸದ್ದು. ಅದು ಅಡಗಿದರೆ ಬಿಸಿ ನೂರು ಡಿಗ್ರಿ ದಾಟಿತೆಂದು ಲೆಕ್ಕ. ಮನೆಯಲ್ಲಿ ತುಪ್ಪ ಕಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಹೊತ್ತಿಗೆ ಬಾಣಲೆಗೆ ಇಳಿಯುವುದು ಮೂಸ್ ಸ್ಟೀಕ್. ಕುದುರೆಗಿಂತ ಎತ್ತರ ಬೆಳೆಯುವ ಈ ಜಿಂಕೆಯ ಬೇಟೆ ಸ್ವೀಡನ್ನಿನ ಉತ್ತರದಲ್ಲಿ ಸೆಪ್ಟೆಂಬರ್ ಆರಂಭಕ್ಕೆ, ದಕ್ಷಿಣದಲ್ಲಿ ಅಕ್ಟೋಬರ್‌ನಲ್ಲಿ ಶುರು. ಕಾಡಿನಲ್ಲಿ ಅಲೆದು ಬೆಳೆದ ಪ್ರಾಣಿ, ಮೈಯಲ್ಲಿ ಕೊಬ್ಬು ಹೆಸರಿಗಷ್ಟೇ. ಎರಡು ನಿಮಿಷ ಹೆಚ್ಚು ಬೆಂದರೂ ತುಂಡು ಒಣಗಿ ನಾರು ನಾರಾಗುತ್ತದೆ. ಅದಕ್ಕೇ ಹೊರಮೈ ಕಂದಾಗುವಷ್ಟು ಜೋರು ಉರಿ, ಒಳಗಿನ ಬಿಸಿ 55–58 ಡಿಗ್ರಿ ಮುಟ್ಟುತ್ತಲೇ ಇಳಿಸಿ, ಮುಚ್ಚಿಟ್ಟು ಸ್ವಲ್ಪ ಹೊತ್ತು ವಿಶ್ರಾಂತಿ.

ಮಾಂಸದಲ್ಲಿಲ್ಲದ ಜಿಡ್ಡನ್ನು ಸಾಸ್ ತುಂಬಿಕೊಡುತ್ತದೆ. ಬಾಣಲೆಯ ತಳಕ್ಕೆ ಹತ್ತಿದ ಕಂದು ಪದರಕ್ಕೆ ಮೂಳೆಸಾರು ಹಾಕಿ ಕೆರೆದು, ಅದರ ಮೇಲೆ ಧಾರಾಳವಾಗಿ ಕೆನೆ, ಜಜ್ಜಿದ ಜುನಿಪರ್ ಕಾಯಿ, ಕಪ್ಪು ಕರಂಟ್ ಹಣ್ಣಿನ ಜೆಲ್ಲಿ ಒಂದು ಚಮಚ. ಬಣ್ಣಕ್ಕೂ ಉಪ್ಪಿಗೂ ಸೋಯಾ ಸಾಸ್ ನಾಲ್ಕು ಹನಿ! ಚೀನಾದ ಈ ಸರಕು ಸ್ವೀಡಿಷ್ ಅಜ್ಜಿಯರ ಕೆನೆ ಸಾಸಿನಲ್ಲಿ ಯಾವ ಸಂಕೋಚವೂ ಇಲ್ಲದೆ ಕೂತಿದೆ. ನೆರೆಯ ನಾರ್ವೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಿಹಿಯಾದ ಕಂದು ಚೀಸನ್ನೂ ಕರಗಿಸುತ್ತಾರೆ.

ಇಷ್ಟಾದರೆ ನಾಲ್ಕನೇ ತುತ್ತಿಗೆ ಬಾಯಿ ಕಟ್ಟಿಹೋಗುತ್ತದೆ. ಆಗ ನೆಂಚಿಕೊಳ್ಳಲು ಬೇಕಾದದ್ದು ಲಿಂಗನ್: ಪೈನ್ ಕಾಡಿನ ನೆಲಕ್ಕಂಟಿದ ಕುರುಚಲು ಗಿಡಗಳಲ್ಲಿ, ಸರಿಯಾಗಿ ಬೇಟೆಯ ಕಾಲಕ್ಕೇ ಹಣ್ಣಾಗುವ ಬಟಾಣಿ ಗಾತ್ರದ ಕೆಂಪು ಹಣ್ಣು. ಹುಳಿ, ಹಿಂದೆಯೇ ಸಣ್ಣ ಕಹಿ. ಯಾರ ಕಾಡಾದರೂ ಸರಿ, ಹೋಗಿ ಕೊಯ್ದುಕೊಳ್ಳುವ ಹಕ್ಕು ಆ ದೇಶದಲ್ಲಿ ಎಲ್ಲರಿಗೂ ಇದೆ. ಬೆಂಜೋಯಿಕ್ ಆಮ್ಲ ಈ ಹಣ್ಣಿನಲ್ಲಿ ಸಹಜವಾಗಿಯೇ ಇರುವುದರಿಂದ ಬೂಸ್ಟು ಹತ್ತಿರ ಸುಳಿಯುವುದಿಲ್ಲ. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಬರೀ ನೀರಿನಲ್ಲಿ ಮುಳುಗಿಸಿಟ್ಟು ಚಳಿಗಾಲ ದಾಟಿಸುತ್ತಿದ್ದರು. ಈಗ ಅರ್ಧ ಕಿಲೋ ಹಣ್ಣಿಗೆ ಕಾಲು ಕಿಲೋ ಸಕ್ಕರೆ ಹಾಕಿ, ಕರಗುವವರೆಗೆ ಸೌಟಿನಲ್ಲಿ ಕಲಕುತ್ತಾರೆ. ಒಲೆಯ ಗೊಡವೆಯಿಲ್ಲ. ಅರ್ಧ ಹಣ್ಣು ಒಡೆದು, ಉಳಿದರ್ಧ ಇಡಿಯಾಗಿ ಹಲ್ಲಿಗೆ ಸಿಗಬೇಕು.

2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆದ, ಸ್ವೀಡನ್ ಮೂಲದ ಐಕಿಯಾ ಅಂಗಡಿಯಲ್ಲಿ ಮಾಂಸದುಂಡೆಯ ಪಕ್ಕ ಬಡಿಸುವ ಕೆಂಪು ಜಾಮ್ ಇದೇ ಲಿಂಗನ್. ಇಲ್ಲಿನ ಬಹಳ ಜನ ಅದನ್ನು ಕೊನೆಗೆ ಸಿಹಿಯೆಂದು ನೆಕ್ಕಿ ಮುಗಿಸುತ್ತಾರೆ. ಅವರನ್ನು ದೂರುವಂತಿಲ್ಲ, ಜಾಮಿನಲ್ಲಿ ಸಕ್ಕರೆಯದೇ ದರ್ಬಾರು. ಹಸಿಯಾಗಿ ಕಲಕಿದ್ದರ ಚುರುಕು ಅದಕ್ಕಿಲ್ಲ. ಕೊಡಗಿನವರಾದರೆ ಈ ಹಣ್ಣಿನ ಕೆಲಸ ಏನೆಂದು ಕೂಡಲೇ ಹೇಳಿಯಾರು. ಪಂದಿಕರಿಯ ಕೊಬ್ಬನ್ನು ಹದಕ್ಕೆ ತರುವ ಕಾಚಂಪುಳಿಯೂ ಹಣ್ಣಿನದೇ: ಉತ್ತರ ಕನ್ನಡದವರು ಉಪ್ಪಾಗೆ ಎನ್ನುವ ಜಾತಿಯ ಹಣ್ಣಿನ ರಸವನ್ನು ಕಪ್ಪಗಾಗುವ ತನಕ ಬತ್ತಿಸಿದ್ದು. ಅಲ್ಲಿ ಹುಳಿ ಸಾರಿನೊಳಗೇ ಬೆರೆಯುತ್ತದೆ, ಸ್ವೀಡನ್ನಿನಲ್ಲಿ ತಟ್ಟೆಯ ಅಂಚಿನಲ್ಲಿ ಬೇರೆಯಾಗಿ ಕಾಯುತ್ತದೆ. ಎಷ್ಟು ಬೇಕೆಂಬುದು ಉಣ್ಣುವವನ ನಾಲಗೆಗೆ ಬಿಟ್ಟದ್ದು. ನನಗೆ ಈ ಕ್ರಮವೇ ಹೆಚ್ಚು ಹಿಡಿಸುತ್ತದೆ.

ಮೂಸ್ ನಮಗೆ ಸಿಗುವುದಿಲ್ಲ. ಮಟನ್ ಚಾಪ್ಸ್ ಅಥವಾ ಹಂದಿಯ ಸೊಂಟದ ತುಂಡಿಗೂ ಇದೇ ಸಾಸ್ ಒಗ್ಗುತ್ತದೆ, ಜುನಿಪರ್ ಬದಲು ಕಾಳುಮೆಣಸು ಜಜ್ಜಿದರಾಯಿತು. ಹಣ್ಣಿಗೆ, ಬೇಸಿಗೆಯಲ್ಲಿ ಬೇಲಿಸಾಲಿನಲ್ಲಿ ಬಿಡುವ ಕವಳಿ ಇದೆಯಲ್ಲ! ಬೀಜ ತೆಗೆದು ಸಕ್ಕರೆ ಹಾಕಿ ಕಲಕಿ, ಆದರೆ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲೇ ಮುಗಿಸಿ. ಲಿಂಗನ್ನಿನ ಹಾಗೆ ತಿಂಗಳುಗಟ್ಟಲೆ ನಿಲ್ಲುವ ಗುಣವನ್ನು ಅದರಿಂದ ನಿರೀಕ್ಷಿಸಬೇಡಿ.