ಹೊಲ ಕೊಂಡ ಮೊದಲ ವರ್ಷ

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರಿಗೂ ಹೊಲ ಕೊಳ್ಳುವುದು ಸಲೀಸಾಯಿತು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಖುಷ್ಕಿ ಹೊಲಗಳಲ್ಲಿ ಈಗ ಬೆಂಗಳೂರಿನ ನೌಕರಿಯವರು, ನಿವೃತ್ತರು ಎರಡೋ ಮೂರೋ ಎಕರೆ ಕೊಂಡು, ಮುಂದೇನು ಎಂದು ನಿಂತಿರುತ್ತಾರೆ. ಅವರ ಆಸೆ ಪ್ರಾಮಾಣಿಕವಾದದ್ದು. ಆದರೆ ನೋಂದಣಿ ಮುಗಿದ ಬೆನ್ನಿಗೇ ಜೆಸಿಬಿ ಬರುತ್ತದೆ. ಹಳೆಯ ಬದು ಒಡೆದು ನೆಲ ಮಟ್ಟ ಮಾಡಿಸುತ್ತಾರೆ. ಸುತ್ತ ತಂತಿಬೇಲಿ, ಮೂಲೆಯಲ್ಲಿ ಕೊಳವೆಬಾವಿ, ಹಿಂದೆಯೇ ನರ್ಸರಿಯಿಂದ ಮಾವು, ಶ್ರೀಗಂಧದ ಸಸಿಗಳು. ಹೊಲದ ಪರಿಚಯವಾಗುವ ಮೊದಲೇ ಕೈಯಲ್ಲಿದ್ದ ಹಣ ಮುಗಿದಿರುತ್ತದೆ. ಹೊಸಬರಿಗೆ ನಾನು ಒತ್ತಿ ಹೇಳುವುದು ಒಂದೇ: ಒಂದು ಮಳೆಗಾಲ ಪೂರ್ತಿ ನೋಡುವವರೆಗೆ ದೊಡ್ಡ ಖರ್ಚಿಗೆ ಕೈ ಹಾಕಬೇಡಿ.

ಕಾಗದಪತ್ರದ ಕೆಲಸ ಮಾತ್ರ ಕಾಯುವಂಥದ್ದಲ್ಲ. ಪಹಣಿಯ 9ನೇ ಕಾಲಂನಲ್ಲಿ ಹೆಸರು ಬಂದರೆ ಸಾಲದು, 11ನೇ ಕಾಲಂನಲ್ಲಿ ಸಾಲವೋ ದಾವೆಯೋ ಇದೆಯೇ ಎಂದು ನೋಡಬೇಕು. ವಿಸ್ತೀರ್ಣದಲ್ಲಿ ‘ಬಿ ಖರಾಬು’ ಎಂದು ತೋರಿಸಿದ್ದರೆ ಅದು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಬೇಲಿ ಹಾಕಿಕೊಂಡ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಮೂಲ ಮಂಜೂರುದಾರರಿಗೆ ಮರಳುತ್ತದೆ. ಮರಳಲೂಬೇಕು, ಆ ಕಾನೂನು ಬಂದದ್ದೇ ಬಡವರ ನೆಲ ಕೈತಪ್ಪದಿರಲಿ ಎಂದು. ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಭೂಮಾಪಕರು ಬಂದ ದಿನ ನಾಲ್ಕೂ ಕಡೆಯ ಹೊಲದವರು ಇರುವ ಹಾಗೆ ನೋಡಿಕೊಂಡು ಬಾಂದು ಕಲ್ಲು ನೆಡಿಸಿ. ತಲೆಮಾರುಗಳಿಂದ ಎತ್ತಿನಗಾಡಿ ಓಡಾಡಿದ ಬಂಡಿದಾರಿಗೆ ಗೇಟು ಜಡಿದರೆ ಊರಿನ ಜೊತೆ ಮೊದಲ ಜಗಳ ಅಲ್ಲೇ ಶುರು.

ಇನ್ನು ಬದು. ನಗರದ ಕಣ್ಣಿಗೆ ಅದು ಅಡ್ಡಕ್ಕೆ ಬಿದ್ದಿರುವ ಮಣ್ಣಿನ ದಿಣ್ಣೆ. ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂಬ ಎಷ್ಟೋ ವರ್ಷಗಳ ತಿಳಿವಳಿಕೆ ಆ ದಿಣ್ಣೆಯಲ್ಲಿದೆ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರಿನ ಒಂದು ಹದ ಮಳೆಗೆ ಲಕ್ಷ ಲೀಟರ್! ಬದು ಒಡೆದ ಇಳಿಜಾರಿನಲ್ಲಿ ಆ ನೀರು ನಿಲ್ಲದೆ ಓಡುತ್ತದೆ, ಓಡುವಾಗ ಮೇಲುಮಣ್ಣನ್ನೂ ಕರೆದೊಯ್ಯುತ್ತದೆ. ಜೆಸಿಬಿ ನೆಲ ಮಟ್ಟ ಮಾಡಿದಾಗಲೂ ಆಗುವುದು ಇದೇ. ಮೇಲಿನ ಅರ್ಧ ಅಡಿ ಫಲವತ್ತಾದ ಮಣ್ಣು ಒಂದು ಮೂಲೆಗೆ ಹೋಗಿ ಕೂರುತ್ತದೆ, ಉಳಿದ ಕಡೆ ಬರಡು ಕೆಂಪುಮಣ್ಣು, ಜಲ್ಲಿಕಲ್ಲು ಮೇಲೆದ್ದು ಬರುತ್ತದೆ. ಆದ್ದರಿಂದ ಜೋರು ಮಳೆ ಬಂದಾಗ ಮನೆಯಲ್ಲಿ ಕೂರಬೇಡಿ. ಸಿಡಿಲು ಗುಡುಗು ನಿಂತ ಮೇಲೆ ಗುದ್ದಲಿ ಹಿಡಿದು ಬದುವಿನ ಉದ್ದಕ್ಕೂ ನಡೆಯಿರಿ. ಮೇಲಿನ ಹೊಲದ ನೀರು ಎಲ್ಲಿ ಒಳಗೆ ಬರುತ್ತಿದೆ, ಎಲ್ಲಿ ಬದು ಕೊರೆದಿದೆ, ಯಾವ ಮೂಲೆಯಲ್ಲಿ ಮರುದಿನವೂ ಕಾಲು ಹೂಳುತ್ತದೆ ಎಂದು ಗುರುತು ಮಾಡಿಕೊಳ್ಳಿ. ಕೃಷಿಹೊಂಡಕ್ಕೆ ಜಾಗ ತೋರಿಸುವುದು ಈ ನಡಿಗೆಯೇ.

ಬೇಸಿಗೆಯಲ್ಲಿ ನೆಲ ಖಾಲಿಯಿದ್ದಾಗ ಮಣ್ಣು ಪರೀಕ್ಷೆ ಮಾಡಿಸಿ. ಗೊಬ್ಬರದ ತಿಪ್ಪೆ, ಮರದ ಬುಡ, ಬದುವಿನ ಅಂಚು ಬಿಟ್ಟು ಹೊಲದಲ್ಲಿ ಅಂಕುಡೊಂಕಾಗಿ ಹತ್ತು ಹದಿನೈದು ಕಡೆ ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ‘ವಿ’ ಆಕಾರದ ಗುಂಡಿ ತೋಡಿ. ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಮಣ್ಣು ಕೆರೆದು ತೆಗೆಯಬೇಕು. ಎಲ್ಲವನ್ನೂ ಗೋಣಿಯ ಮೇಲೆ ಸುರಿದು, ಹೆಂಟೆ ಪುಡಿ ಮಾಡಿ, ಕಲಸಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಬಟ್ಟೆಚೀಲಕ್ಕೆ ತುಂಬಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ತಗ್ಗಿನ ಮಣ್ಣು, ದಿಣ್ಣೆಯ ಮಣ್ಣು ಬೇರೆ ಬೇರೆ ಇರಲಿ. ಅಲ್ಲಿಗೆ ಹೋದಾಗ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತರಾಗಿ ನೋಂದಣಿಯನ್ನೂ ಮುಗಿಸಿಕೊಂಡು ಬನ್ನಿ. ಸಬ್ಸಿಡಿಯ ಬೀಜ, ಗೊಬ್ಬರಕ್ಕೆ ಆ ನೋಂದಣಿಯ ಸಂಖ್ಯೆಯನ್ನೇ ಕೇಳುತ್ತಾರೆ.

ಮೊದಲ ಬೆಳೆ ಯಾವುದು? ಪಕ್ಕದ ಹೊಲದವರು ಏನು ಬಿತ್ತುತ್ತಾರೋ ಅದೇ. “ಈ ಸಲ ರಾಗಿ ಬಿತ್ತಿ ಸಾರ್, ಹೊಲ ಹೆಂಗೆ ಅಂತ ಅದೇ ಹೇಳ್ತದೆ” ಎಂದು ಅವರೇ ಹೇಳಿಯಾರು. ಆ ಮಾತಿಗೆ ಬೆಲೆ ಕೊಡಿ. ಪುನರ್ವಸು, ಪುಷ್ಯ ಮಳೆಗೆ ಹದ ಸಿಕ್ಕಾಗ ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕು. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇರಲಿ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಮಳೆ ಕೈಕೊಟ್ಟು ರಾಗಿ ಸೊರಗಿದರೂ ಹಿಂಗಾರಿನ ಹನಿಗೆ ಅವರೆಯಾದರೂ ಕೈಹಿಡಿಯುತ್ತದೆ. ಪೈರು ಇಪ್ಪತ್ತು ಇಪ್ಪತ್ತೈದು ದಿನದ್ದಾದಾಗ ಕುಂಟೆ ಹೊಡೆಸಿ. ಆಮೇಲೆ ಹೊಲ ಸುತ್ತಿದರೆ ಎಲ್ಲಿ ಪೈರು ಕಪ್ಪುಹಸಿರಾಗಿ ಎದ್ದಿದೆ, ಎಲ್ಲಿ ಹಳದಿಗಟ್ಟಿ ಕುಳಿತಿದೆ ಎಂದು ಕಾಣುತ್ತದೆ. ಮಣ್ಣಿನ ವರದಿಯ ಪಕ್ಕದಲ್ಲಿಟ್ಟು ನೋಡಬೇಕಾದ ನಕ್ಷೆ ಅದು.

ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಕುರಿಗಾಹಿಗಳು ಹಿಂಡು ಹೊಡೆದುಕೊಂಡು ಬಂದರೆ ಬಿಡಬೇಡಿ. ರಾತ್ರಿಗೆ ಇಷ್ಟು ಎಂದು ಮಾತಾಡಿ ಮಂದೆ ಹಾಕಿಸಿ. ಹಿಕ್ಕೆ, ಗಂಜಲ ಎರಡೂ ನೇರ ನೆಲಕ್ಕೆ ಬೀಳುತ್ತವೆ, ಸಾಗಣೆಯ ಖರ್ಚಿಲ್ಲ. ಹಳದಿಗಟ್ಟಿದ್ದ ಜಾಗದಲ್ಲೇ ಮೊದಲು ತಂಗಲಿ.

ಕೊಳವೆಬಾವಿಯ ವಿಷಯದಲ್ಲಿ ನಾನು ನಿಷ್ಠುರ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದರೂ ಬರೀ ದೂಳು ಬಂದ ಬಾವಿಗಳಿವೆ. ಅಂತರ್ಜಲ ಕುಸಿದ ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಕಾಯ್ದೆಯಂತೆ ಅನುಮತಿಯಿಲ್ಲದೆ ಕೊರೆಸುವ ಹಾಗೂ ಇಲ್ಲ. ವಾರಕ್ಕೊಮ್ಮೆ ಬರುವವರು ಕೊರೆಸಿದ ಬಾವಿಯಿಂದ, ಆ ನೀರನ್ನೇ ನಂಬಿ ಸೊಪ್ಪು ತರಕಾರಿ ಬೆಳೆದು ಬದುಕುವ ನೆರೆಯವರ ಬಾವಿ ಬತ್ತಿದರೆ ಅದು ಅನ್ಯಾಯ. ಮೊದಲು ಬದು, ಆಮೇಲೆ ಹೊಂಡ, ಅಷ್ಟಾದರೂ ಸಾಲದಿದ್ದರೆ ಬಾವಿಯ ಮಾತು.

ಮರದ ಸಸಿಗೆ ಎರಡನೇ ವರ್ಷ ಸರಿಯಾದ ಹೊತ್ತು. ಬೇಸಿಗೆಯಲ್ಲೇ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮೇಲುಮಣ್ಣಿನ ಜೊತೆ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ, ಜೂನ್ ಮಳೆಗೆ ನೆಡಿ. ಬದುವಿನ ಮೇಲೆ ಹೊಂಗೆ, ಬೇವು, ಸೊಪ್ಪಿಗೆ ಗ್ಲಿರಿಸೀಡಿಯಾ ಬರುತ್ತವೆ. ಹಲಸು, ಹುಣಸೆಯನ್ನು ಗಡಿಯಿಂದ ಸಾಕಷ್ಟು ಒಳಗೆ ಇಡಿ. ಗಡಿಯ ಹತ್ತಿರ ಏನೇ ನೆಡುವ ಮೊದಲು ಆಚೆ ಹೊಲದವರನ್ನು ಒಂದು ಮಾತು ಕೇಳಿ, ನೆರಳು ಬೀಳುವುದು ಅವರ ರಾಗಿಯ ಮೇಲೆ.