ತೋಳನ ಕಿವಿ

ಮನುಷ್ಯ ತೋಳನಾಗುವ ಕಥೆಯನ್ನು ಜಾರ್ಜ್ ವ್ಯಾಗ್ನರ್ 1941ರಲ್ಲಿ ‘ದಿ ವುಲ್ಫ್ ಮ್ಯಾನ್’ ಚಿತ್ರವಾಗಿಸಿದಾಗ ನಾವು ಹೊರಗೆ ನಿಂತು ನೋಡಿದೆವು: ನಾಯಕನ ಕಾಲುಗಳಲ್ಲಿ ರೋಮ ಬೆಳೆಯುತ್ತದೆ, ಮುಂದಿನ ಭಯವೆಲ್ಲ ಜ್ಯಾಕ್ ಪಿಯರ್ಸ್ ಅವರ ಪ್ರಸಾಧನದ್ದು. 2025ರಲ್ಲಿ ಲೀ ವಾನೆಲ್ ಅದನ್ನೇ ಹೊಸದಾಗಿ ನಿರ್ಮಿಸುತ್ತ ಕ್ಯಾಮೆರಾವನ್ನು ಒಳಕ್ಕೆ ಒಯ್ದರು. ಅಮೆರಿಕದ ಆರೆಗಾನ್ ಪ್ರಾಂತದ ಕಾಡುಮನೆಯೊಂದರಲ್ಲಿ ಸೋಂಕು ತಗುಲಿದ ಗಂಡನಿಗೆ ಗೋಡೆಯ ಮೇಲಿನ ಜೇಡನ ಹೆಜ್ಜೆಯೂ ಕೇಳಿಸುತ್ತದೆ. ಎದುರಿಗಿರುವ ಹೆಂಡತಿಯ ಮಾತು ಮಾತ್ರ ಅರ್ಥವಿಲ್ಲದ ಸದ್ದು. ಕ್ಯಾಮೆರಾ ಅವಳಿಂದ ಅವನೆಡೆಗೆ ಸುತ್ತಿ ಬರುವಷ್ಟರಲ್ಲಿ ಅವರಿಬ್ಬರ ನಡುವಿನ ಭಾಷೆ ಕಡಿದುಹೋಗಿರುತ್ತದೆ.

ನಾನು ಅಂಜಿದ್ದು ಕೋರೆಹಲ್ಲಿಗಿಂತ ಆ ಸದ್ದಿಗೆ. ಪಾರ್ಶ್ವವಾಯು ಹೊಡೆದ ಮೇಲೆ ನನ್ನ ತಂದೆಯವರು ನಮ್ಮ ತುಟಿಗಳನ್ನೇ ನೋಡುತ್ತ ಮಲಗಿರುತ್ತಿದ್ದರು. ನಾವು ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಮಾತನಾಡುತ್ತಿದ್ದೆವು.